ಊರಿನವರೇ ಊರಿನ ಆರೋಗ್ಯಸೇವಕರು



ರೋಗಿಗಳ ಸೇವೆ ಎಂದೊಡನೆ ನಮಗೆ ನೆನಪಾಗುವುದು ಆಸ್ಪತ್ರೆ, ವೈದ್ಯರು, ದಾದಿಯರು. ಆದರೆ ಓದುಬರಹ ಬಾರದ ಹಳ್ಳಿಯ ತಾಯಂದಿರೂ ಈ ಸೇವೆಯಲ್ಲಿ ಮುಂದಾಳುಗಳಾಗಬಲ್ಲರು ಎಂಬುದನ್ನು ನೆರೆಯ ಮಹಾರಾಷ್ಟ್ರದ ಜಾಮಖೇಡ್ ತೋರಿಸಿಕೊಟ್ಟಿದೆ.

ಅಹಮದ್‌ನಗರ ಜಿಲ್ಲೆ ಎಂದು ಹಿಂದೆ ಕರೆಯುತ್ತಿದ್ದ ಇಂದಿನ ಅಹಿಲ್ಯಾನಗರ ಜಿಲ್ಲೆಯ ಈ ಊರು ಬರಗಾಲಕ್ಕೆ ಹೆಸರಾದದ್ದು. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಕಲಿತ ಡಾ. ರಜನಿಕಾಂತ್ ಮತ್ತು ಡಾ. ಮೇಬಲ್ ಆರೋಳೆ ದಂಪತಿ 1970ರಲ್ಲಿ ಇಲ್ಲಿ ಸಮಗ್ರ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಹಳ್ಳಿಗರ ಕಾಯಿಲೆಗಳಲ್ಲಿ ಹೆಚ್ಚಿನವು ಕೊಳಕು ನೀರು ಮತ್ತು ಅರೆಹೊಟ್ಟೆಯಿಂದ ಬಂದವು. ಅವನ್ನು ತಡೆಯಬೇಕಾದದ್ದು ಮನೆಯಲ್ಲಿಯೇ ಎಂಬುದು ಅವರ ನಿಲುವಾಗಿತ್ತು. ಮೊದಲು ತರಬೇತಿ ಪಡೆದ ದಾದಿಯರನ್ನು ಹಳ್ಳಿಗಳಿಗೆ ಕಳುಹಿಸಿದರು. ಹೊರಗಿನವರ ಮಾತು ಜನರ ಮನಸ್ಸಿಗೆ ಇಳಿಯಲಿಲ್ಲ. ಆಗ ಊರಿನವರೇ ತಮ್ಮಲ್ಲಿ ಒಬ್ಬಾಕೆಯನ್ನು ಆರಿಸಿ ಕಳುಹಿಸುವ ಕ್ರಮ ಬಂದಿತು.

ಹೀಗೆ ಬಂದವರಲ್ಲಿ ಅನೇಕರು ದಲಿತರು, ಶಾಲೆಯ ಮೆಟ್ಟಿಲು ಹತ್ತದವರು. ಅವರು ವಾರವಾರವೂ ಜಾಮಖೇಡಿಗೆ ಬಂದು ಹೆರಿಗೆ, ಶಿಶುಪಾಲನೆ, ಭೇದಿಯ ಉಪಚಾರ, ಕುಷ್ಠ ಹಾಗೂ ಕ್ಷಯದ ಲಕ್ಷಣಗಳನ್ನು ಕಲಿತರು. ಕಲಿತದ್ದನ್ನು ಊರಿನ ಮನೆಮನೆಗೆ ಹೇಳಿಕೊಟ್ಟರು. ಮರುವಾರ ಬಂದು ತಮ್ಮ ಅನುಭವವನ್ನು ಹಂಚಿಕೊಂಡರು. ಬೇರೆ ಬೇರೆ ಜಾತಿಯ ಹೆಂಗಸರು ಅಲ್ಲಿ ಜೊತೆಗೆ ಕುಳಿತು ಉಂಡರು. ಒಂದು ದಿನದ ಶಿಬಿರದಿಂದ ಇದು ಸಾಧ್ಯವಿರಲಿಲ್ಲ. ಬಿಡದೆ ಕಲಿಸಿದ್ದರಿಂದಲೇ, ಊರಿನವರು ಬದಿಗೆ ಸರಿಸಿದ್ದ ಹೆಣ್ಣುಮಗಳನ್ನು ಊರೇ ಕರೆದು ಸಲಹೆ ಕೇಳುವಂತಾಯಿತು.

1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಗ್ರಂಥವೊಂದರಲ್ಲಿ ಜಾಮಖೇಡಿನ ಅನುಭವಕ್ಕೂ ಸ್ಥಾನ ದೊರೆಯಿತು. 1979ರಲ್ಲಿ ಆರೋಳೆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಮೇಬಲ್ 1999ರಲ್ಲಿ, ರಜನಿಕಾಂತ್ 2011ರಲ್ಲಿ ನಿಧನರಾದರು.

2005ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಡಿ ಆಶಾ ಕಾರ್ಯಕರ್ತೆಯರ ಯೋಜನೆಯನ್ನು ತಂದಾಗ, ಸುಮಾರು 1000 ಜನರಿಗೆ ಒಬ್ಬರಂತೆ, ಆಯಾ ಊರಿನ ಮಹಿಳೆಯನ್ನೇ ಆರಿಸಬೇಕೆಂದು ಗೊತ್ತುಪಡಿಸಿತು. ಕರ್ನಾಟಕದ ಹಳ್ಳಿಗಳಲ್ಲಿಯೂ ಈ ತಾಯಂದಿರು ಗರ್ಭಿಣಿಯರನ್ನು, ಎಳೆಮಕ್ಕಳನ್ನು ಹುಡುಕಿ ಬರುತ್ತಾರೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರ ಸೇವೆಯನ್ನು ಗೌರವಿಸಿತು. ಆದರೂ ಹಲವು ಕಡೆ ಅವರನ್ನು ಬರಿಯ ಓಡಾಟದ ಆಳುಗಳಂತೆ ಕಾಣುವುದುಂಟು.

ಪ್ರಿಯರೇ, ಜಾಮಖೇಡ್ ನಮಗೆ ಕಲಿಸುವ ಪಾಠ ಇದು: ಮುಂದಾಳುಗಳನ್ನು ದೂರದಿಂದ ಕರೆತರಬೇಕಿಲ್ಲ, ನಮ್ಮ ಬೀದಿಯಲ್ಲಿಯೇ ಗುರುತಿಸಿ, ಕಲಿಸಿ, ನಂಬಬೇಕು. ಆಶಾ ತಾಯಿ ಬಾಗಿಲಿಗೆ ಬಂದಾಗ ಕೂರಲು ಜಾಗ ಕೊಡೋಣ, ಆಕೆಯ ಮಾತನ್ನು ಕಿವಿಗೊಟ್ಟು ಕೇಳೋಣ.