ವರ್ಚುವಲ್ ಅಸಿಸ್ಟೆಂಟ್ (ವೃತ್ತಿ)

ವರ್ಚುವಲ್ ಅಸಿಸ್ಟೆಂಟ್ ಅಥವಾ ದೂರಸಹಾಯಕ ಎಂದರೆ ಸಂಸ್ಥೆಯ ಕಚೇರಿಗೆ ಬಾರದೆ, ತನ್ನ ಮನೆಯಿಂದಲೋ ಬೇರೊಂದು ಊರಿನಿಂದಲೋ ಅಂತರ್ಜಾಲದ ಮೂಲಕ ಆ ಸಂಸ್ಥೆಯ ಪತ್ರವ್ಯವಹಾರ, ಲೆಕ್ಕಪತ್ರ, ಗ್ರಾಹಕ ಸೇವೆ ಮುಂತಾದ ಕೆಲಸಗಳನ್ನು ಮಾಡಿಕೊಡುವ ವ್ಯಕ್ತಿ. ಸಾಮಾನ್ಯವಾಗಿ ಇವರು ಸಂಸ್ಥೆಯ ನೌಕರರಲ್ಲ. ಒಪ್ಪಂದದ ಮೇಲೆ ಸೇವೆ ಸಲ್ಲಿಸುವ ಸ್ವತಂತ್ರ ವೃತ್ತಿಪರರು. ಸಿರಿ, ಅಲೆಕ್ಸಾ ಮುಂತಾದ ತಂತ್ರಾಂಶಗಳಿಗೂ ಇದೇ ಹೆಸರು ಬಳಕೆಯಲ್ಲಿದೆ. ಈ ಲೇಖನವು ಮನುಷ್ಯರು ಮಾಡುವ ವೃತ್ತಿಗೆ ಸಂಬಂಧಿಸಿದ್ದು. ಪೂರ್ಣಾವಧಿ ಗುಮಾಸ್ತರನ್ನು ಇಟ್ಟುಕೊಳ್ಳುವಷ್ಟು ಕೆಲಸವಾಗಲಿ ಆದಾಯವಾಗಲಿ ಇಲ್ಲದ ಸಣ್ಣ ಉದ್ದಿಮೆಗಳು ಈ ಸೇವೆಯನ್ನು ಹೆಚ್ಚಾಗಿ ಪಡೆಯುತ್ತವೆ. ಕಣ್ಣೆದುರಿಗೆ ಇಲ್ಲದ ವ್ಯಕ್ತಿಯೊಂದಿಗಿನ ವ್ಯವಹಾರವಾದ್ದರಿಂದ, ಕಚೇರಿಯಲ್ಲಿ ಬಾಯಿಮಾತಿನಲ್ಲಿ ಮುಗಿಯುವ ಅನೇಕ ಸಂಗತಿಗಳನ್ನು ಇಲ್ಲಿ ಬರವಣಿಗೆಯಲ್ಲಿ ಇಡಬೇಕಾಗುತ್ತದೆ. ಉಭಯ ಪಕ್ಷಗಳ ಹಿತವೂ ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಹಿನ್ನೆಲೆ

ಹಲವು ಅಂಗಡಿಗಳಿಗೆ ಸರದಿಯಂತೆ ಹೋಗಿ ಲೆಕ್ಕ ಬರೆದುಕೊಡುವ ಅರೆಕಾಲಿಕ ಗುಮಾಸ್ತರು ಕರ್ನಾಟಕದ ಪೇಟೆಗಳಲ್ಲಿ ಹಿಂದಿನಿಂದಲೂ ಇದ್ದಾರೆ. ದೂರಸಹಾಯಕ ವೃತ್ತಿಯಲ್ಲಿ ಹೊಸದಾಗಿರುವುದು ಕೆಲಸವಲ್ಲ, ದೂರ. ಕಚೇರಿಗೆ ಹೋಗದೆ ದೂರಸಂಪರ್ಕದ ಮೂಲಕ ಕೆಲಸ ಮಾಡುವ ಪದ್ಧತಿಗೆ ಅಮೆರಿಕದ ಜ್ಯಾಕ್ ನೈಲ್ಸ್ 1973ರಲ್ಲಿ ‘ಟೆಲಿಕಮ್ಯೂಟಿಂಗ್’ ಎಂಬ ಹೆಸರನ್ನು ಕೊಟ್ಟರು. ಮುಂದೆ ಕೆಲಸ ಕೊಡುವವರನ್ನೂ ಮಾಡುವವರನ್ನೂ ಸೇರಿಸುವ ಜಾಲತಾಣಗಳು ಹುಟ್ಟಿಕೊಂಡವು. 1999ರಲ್ಲಿ ಆರಂಭವಾದ ಈಲ್ಯಾನ್ಸ್ ಮತ್ತು 2003ರಲ್ಲಿ ಆರಂಭವಾದ ಓಡೆಸ್ಕ್ ಸಂಸ್ಥೆಗಳು ಒಂದುಗೂಡಿ, 2015ರಲ್ಲಿ ಅಪ್‌ವರ್ಕ್ ಎಂಬ ಹೆಸರನ್ನು ಪಡೆದವು.

ಈ ವೃತ್ತಿಯ ಪ್ರಚಾರದಲ್ಲಿ ಬೆಂಗಳೂರಿಗೂ ಪಾತ್ರವಿದೆ. ಅಮೆರಿಕದ ಲೇಖಕ ಎ. ಜೆ. ಜೇಕಬ್ಸ್ ತಮ್ಮ ವೃತ್ತಿಯ ಹಾಗೂ ಮನೆವಾರ್ತೆಯ ಕೆಲಸಗಳನ್ನು ಭಾರತದ ಸಹಾಯಕರಿಗೆ ಒಪ್ಪಿಸಿ, ಆ ಅನುಭವವನ್ನು 2005ರಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಬರೆದರು. ಅವರು ನೆರವು ಪಡೆದ ಸಂಸ್ಥೆಗಳಲ್ಲಿ ಬೆಂಗಳೂರಿನ ಬ್ರಿಕ್‌ವರ್ಕ್ ಒಂದು. ಟಿಮ್ ಫೆರಿಸ್ 2007ರಲ್ಲಿ ಪ್ರಕಟಿಸಿದ ‘ದಿ 4-ಅವರ್ ವರ್ಕ್‌ವೀಕ್’ ಪುಸ್ತಕವು ಈ ಪದ್ಧತಿಯನ್ನು ಸಣ್ಣ ಉದ್ಯಮಿಗಳಲ್ಲಿ ಜನಪ್ರಿಯಗೊಳಿಸಿತು. ಇಂದು ಭಾರತ ಮತ್ತು ಫಿಲಿಪೀನ್ಸ್ ದೇಶಗಳು ಇಂತಹ ಸೇವೆಯ ಪ್ರಮುಖ ನೆಲೆಗಳಾಗಿವೆ.

ಕಾರ್ಯವ್ಯಾಪ್ತಿ

ಮಿಂಚಂಚೆಗಳನ್ನು ವಿಂಗಡಿಸಿ ಉತ್ತರಿಸುವುದು, ಭೇಟಿಯ ಸಮಯ ನಿಗದಿಪಡಿಸುವುದು, ಬಿಲ್ಲುಗಳನ್ನು ಲೆಕ್ಕದ ತಂತ್ರಾಂಶಕ್ಕೆ ಏರಿಸುವುದು, ಬಾಕಿ ವಸೂಲಿಗೆ ನೆನಪೋಲೆ ಕಳುಹಿಸುವುದು, ಸಾಮಾಜಿಕ ಜಾಲತಾಣಗಳ ಪುಟಗಳನ್ನು ನೋಡಿಕೊಳ್ಳುವುದು ಇವರ ಸಾಮಾನ್ಯ ಕೆಲಸಗಳು. ಉದಾಹರಣೆಗೆ, ಇಳಕಲ್ ಸೀರೆಗಳನ್ನು ಅಂತರ್ಜಾಲದಲ್ಲಿ ಮಾರುವ ವ್ಯಾಪಾರಿಯು ಸೀರೆಗಳ ವಿವರಣೆ ಬರೆಯುವುದು, ಬೇಡಿಕೆಗಳನ್ನು ದಾಖಲಿಸುವುದು ಹಾಗೂ ಕೊರಿಯರ್ ಮಾಹಿತಿಯನ್ನು ಗ್ರಾಹಕರಿಗೆ ತಿಳಿಸುವುದನ್ನು ಸಹಾಯಕರಿಗೆ ವಹಿಸಬಹುದು. ಆದರೆ ನೇಕಾರರೊಂದಿಗೆ ದರ ಮಾತನಾಡುವುದು, ಸಾಲದ ನಿರ್ಧಾರ, ಹಣ ಪಾವತಿಯ ಅಂತಿಮ ಒಪ್ಪಿಗೆ ಮಾಲೀಕರಲ್ಲೇ ಉಳಿಯುವುದು ಸೂಕ್ತ. ತೆರಿಗೆ ವಿವರಗಳನ್ನು ಸಹಾಯಕರು ಸಿದ್ಧಪಡಿಸಿದರೂ ಅವುಗಳ ಕಾನೂನುಬದ್ಧ ಹೊಣೆ ಉದ್ದಿಮೆಯದೇ.

ನೇಮಕಾತಿ

ನೇಮಕಾತಿಗೆ ಮೊದಲು ಒಂದೆರಡು ವಾರ ಮಾಲೀಕರು ತಾವು ಮಾಡುವ ಕೆಲಸಗಳನ್ನು ಪಟ್ಟಿಮಾಡಿ, ಪದೇಪದೇ ಬರುವ ಕೆಲಸಗಳನ್ನು ಸ್ವಂತ ವಿವೇಚನೆ ಬೇಡುವ ಕೆಲಸಗಳಿಂದ ಬೇರ್ಪಡಿಸುತ್ತಾರೆ. ಮೊದಲ ಗುಂಪು ಸಹಾಯಕರಿಗೆ ಒಪ್ಪಿಸಲು ಯೋಗ್ಯವಾದುದು. ಬೇಕಾದ ಭಾಷೆ, ಕೌಶಲ, ವಾರದ ಗಂಟೆಗಳು ಮತ್ತು ಲಭ್ಯವಿರಬೇಕಾದ ವೇಳೆಯನ್ನು ಪ್ರಕಟಣೆಯಲ್ಲಿಯೇ ತಿಳಿಸಲಾಗುತ್ತದೆ. ಸಂದರ್ಶನದ ನಂತರ ನೈಜ ಕೆಲಸವನ್ನು ಹೋಲುವ ಸಣ್ಣ ಪರೀಕ್ಷೆಯೊಂದನ್ನು ಕೊಡುವ ರೂಢಿಯಿದೆ. ಇದಕ್ಕೂ ಸಂಭಾವನೆ ಕೊಡುವುದು ನ್ಯಾಯವಾದ ಕ್ರಮ. ಸೂಚನೆ ಅಸ್ಪಷ್ಟವಾಗಿದ್ದಾಗ ಅಭ್ಯರ್ಥಿಯು ಪ್ರಶ್ನೆ ಕೇಳುವರೋ ಊಹಿಸಿ ಮುಂದುವರಿಯುವರೋ ಎಂಬುದು ಈ ಪರೀಕ್ಷೆಯಲ್ಲಿ ತಿಳಿದುಬರುತ್ತದೆ.

ಸಹಾಯಕರನ್ನು ನೇರವಾಗಿ, ಜಾಲತಾಣದ ಮೂಲಕ ಅಥವಾ ಸೇವಾಸಂಸ್ಥೆಯ ಮೂಲಕ ಪಡೆಯಬಹುದು. ಸೇವಾಸಂಸ್ಥೆಯ ದರ ಹೆಚ್ಚಾದರೂ ಒಬ್ಬರು ರಜೆ ಹೋದಾಗ ಇನ್ನೊಬ್ಬರು ದೊರೆಯುವ ಅನುಕೂಲವಿದೆ. ಸಂಭಾವನೆಯು ಗಂಟೆಯ ಲೆಕ್ಕ, ಮಾಸಿಕ ನಿಗದಿತ ಮೊತ್ತ ಅಥವಾ ಕೆಲಸಕ್ಕಿಷ್ಟು ಎಂಬ ಮೂರು ಬಗೆಗಳಲ್ಲಿರುತ್ತದೆ. ಕೆಲಸದ ಪ್ರಮಾಣ ಮೊದಲೇ ತಿಳಿಯದಿದ್ದಾಗ ಗಂಟೆಯ ಲೆಕ್ಕವೂ, ಪ್ರತಿ ತಿಂಗಳೂ ಒಂದೇ ಬಗೆಯ ಕೆಲಸವಿದ್ದಾಗ ಮಾಸಿಕ ಮೊತ್ತವೂ ಹೊಂದುತ್ತದೆ.

ಒಪ್ಪಂದ ಮತ್ತು ಕಾನೂನು

ಭಾರತದಲ್ಲಿ ಇಂತಹ ಒಪ್ಪಂದಗಳಿಗೆ 1872ರ ಭಾರತೀಯ ಕರಾರು ಕಾಯಿದೆ ಅನ್ವಯಿಸುತ್ತದೆ. ಕೆಲಸದ ವ್ಯಾಪ್ತಿ, ದರ, ಪಾವತಿಯ ದಿನ, ಗೋಪ್ಯತೆ ಮತ್ತು ಒಪ್ಪಂದ ಕೊನೆಗೊಳಿಸಲು ಕೊಡಬೇಕಾದ ಮುನ್ಸೂಚನೆ ಒಪ್ಪಂದಪತ್ರದ ಮುಖ್ಯ ಅಂಶಗಳು. ಕಾಗದದಲ್ಲಿ ‘ಸ್ವತಂತ್ರ ವೃತ್ತಿಪರ’ ಎಂದು ಬರೆದ ಮಾತ್ರಕ್ಕೆ ಸಂಬಂಧದ ಸ್ವರೂಪ ನಿರ್ಧಾರವಾಗುವುದಿಲ್ಲ. ಕೆಲಸದ ಮೇಲಿನ ನಿಯಂತ್ರಣ ಮೊದಲಾದ ವಾಸ್ತವ ಸಂಗತಿಗಳನ್ನು ನ್ಯಾಯಾಲಯಗಳು ಪರಿಗಣಿಸುತ್ತವೆ.

ಕೃತಿಸ್ವಾಮ್ಯದ ವಿಷಯವು ಹಲವರ ಗಮನಕ್ಕೆ ಬಾರದೆ ಉಳಿಯುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ನೌಕರರು ಉದ್ಯೋಗದ ಭಾಗವಾಗಿ ರಚಿಸಿದ ಕೃತಿಯ ಹಕ್ಕು ಬೇರೆ ಒಪ್ಪಂದವಿಲ್ಲದಿದ್ದರೆ ಮಾಲೀಕರಿಗೆ ಸೇರುತ್ತದೆ. ಸ್ವತಂತ್ರವಾಗಿ ದುಡಿಯುವವರ ಬರಹ, ವಿನ್ಯಾಸಗಳ ಹಕ್ಕು ಸಾಮಾನ್ಯವಾಗಿ ರಚಿಸಿದವರಲ್ಲೇ ಉಳಿಯುತ್ತದೆ. ಅದನ್ನು ವರ್ಗಾಯಿಸಲು ಸಹಿಯುಳ್ಳ ಲಿಖಿತ ಪತ್ರ ಅಗತ್ಯ. ಅದರಲ್ಲಿ ಅವಧಿಯನ್ನು ಹೇಳದಿದ್ದರೆ ವರ್ಗಾವಣೆಯು 5 ವರ್ಷಗಳಿಗೆ ಮಾತ್ರ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರ ಎಂದು ಭಾವಿಸಲಾಗುತ್ತದೆ.

ಸಂಭಾವನೆ ತಡವಾಗುವುದು ಸಹಾಯಕರ ದೊಡ್ಡ ತೊಂದರೆ. ಉದ್ಯಮ್ ನೋಂದಣಿ ಪಡೆದ ಸಹಾಯಕರಿಗೆ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ರಕ್ಷಣೆ ದೊರೆಯುತ್ತದೆ. ಇದರಂತೆ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನಗಳನ್ನು ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ 3 ಪಟ್ಟು ಚಕ್ರಬಡ್ಡಿ ತೆರಬೇಕಾಗುತ್ತದೆ.

ವ್ಯಾಪಾರದ ಗಾತ್ರ ಮತ್ತು ಸಂಭಾವನೆಯ ಮೊತ್ತಕ್ಕೆ ಅನುಗುಣವಾಗಿ ಮೂಲದಲ್ಲಿ ತೆರಿಗೆ ಕಡಿತದ ಹೊಣೆ ಮಾಲೀಕರಿಗೆ ಬರಬಹುದು. ಗ್ರಾಹಕರ ವೈಯಕ್ತಿಕ ಮಾಹಿತಿಯನ್ನು ಸಹಾಯಕರು ನಿರ್ವಹಿಸಿದರೂ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಅದರ ಹೊಣೆಯನ್ನು ಉದ್ದಿಮೆಯ ಮೇಲೆಯೇ ಇರಿಸುತ್ತದೆ.

ನಿರ್ವಹಣೆ

ಪ್ರತಿಯೊಂದು ಕೆಲಸದ ಹಂತಗಳನ್ನು ಬರೆದಿಟ್ಟ ಕೈಪಿಡಿ ಉತ್ತಮ ನಿರ್ವಹಣೆಯ ಬುನಾದಿ. ಮಾಲೀಕರು ಒಮ್ಮೆ ಕೆಲಸ ಮಾಡಿ ಪರದೆಯನ್ನು ವಿಡಿಯೊ ಆಗಿ ದಾಖಲಿಸಿ ಕೊಟ್ಟರೆ, ಸಹಾಯಕರೇ ಅದನ್ನು ನೋಡಿ ಕೈಪಿಡಿ ಬರೆಯಬಹುದು. ಅವರು ಅರ್ಥಮಾಡಿಕೊಂಡದ್ದೆಷ್ಟು ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಪ್ರತಿ ಸೂಚನೆಯಲ್ಲಿಯೂ ಬೇಕಾದ ಫಲಿತಾಂಶ, ಗಡುವು, ಆದ್ಯತೆ ಇರಬೇಕು. ಸಹಾಯಕರು ಕೇಳದೆಯೇ ನಿರ್ಧರಿಸಬಹುದಾದ ಮಿತಿಯನ್ನೂ ಹೇಳಿರಬೇಕು: ಇಂತಿಷ್ಟು ರೂಪಾಯಿಯವರೆಗಿನ ಹಣ ಮರಳಿಸುವಿಕೆಗೆ ಒಪ್ಪಿಗೆ ಬೇಡ ಎಂಬಂತೆ. ದಿನದ ಕೊನೆಗೆ ಕಿರುವರದಿ, ವಾರಕ್ಕೊಮ್ಮೆ ಮಾತುಕತೆ ಸಾಮಾನ್ಯ ಕ್ರಮ.

ಹೊರದೇಶದ ಗ್ರಾಹಕರಿದ್ದಲ್ಲಿ ಕಾಲಮಾನದ ವ್ಯತ್ಯಾಸವೂ ಮುಖ್ಯ. ನ್ಯೂಯಾರ್ಕಿನ ಬೆಳಗಿನ 9 ಗಂಟೆಯು ಬೇಸಗೆಯಲ್ಲಿ ಭಾರತದ ಸಂಜೆ 6.30, ಚಳಿಗಾಲದಲ್ಲಿ 7.30 ಆಗಿರುತ್ತದೆ. ಆದುದರಿಂದ ಇಡೀ ದಿನದ ಹಾಜರಿಯ ಬದಲು, ಇಬ್ಬರಿಗೂ ಅನುಕೂಲವಾದ ಒಂದೆರಡು ಗಂಟೆಗಳನ್ನು ಗೊತ್ತುಪಡಿಸುವುದು ಉತ್ತಮ.

ಮಾಹಿತಿ ಭದ್ರತೆ

ಮಾಲೀಕರ ಗುಪ್ತಪದವನ್ನೇ ಹಂಚಿಕೊಳ್ಳುವ ಬದಲು ಸಹಾಯಕರಿಗೆ ಪ್ರತ್ಯೇಕ, ಮಿತ ಅಧಿಕಾರದ ಖಾತೆ ತೆರೆಯುವುದು ಸುರಕ್ಷಿತ. ಜಿಮೇಲ್ ಮುಂತಾದ ಸೇವೆಗಳಲ್ಲಿ ಗುಪ್ತಪದ ತಿಳಿಸದೆಯೇ ಅಂಚೆ ನೋಡುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡಬಹುದು. ಹಣದ ವಿಷಯದಲ್ಲಿ ಒಬ್ಬರು ಪಾವತಿಯನ್ನು ದಾಖಲಿಸಿ ಮತ್ತೊಬ್ಬರು ಅನುಮೋದಿಸುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ಬ್ಯಾಂಕಿನ ಒಟಿಪಿಯನ್ನು ಯಾರಿಗೂ ತಿಳಿಸಬಾರದು. ಒಪ್ಪಂದ ಮುಗಿದ ದಿನವೇ ಎಲ್ಲ ಅಧಿಕಾರಗಳನ್ನು ಹಿಂಪಡೆಯಬೇಕು. ಇದಕ್ಕಾಗಿ ಏನೇನು ಕೊಡಲಾಗಿದೆ ಎಂಬ ಪಟ್ಟಿಯನ್ನು ಮೊದಲಿನಿಂದಲೇ ಇಟ್ಟಿರಬೇಕು.

ಟೀಕೆ ಮತ್ತು ಮಿತಿಗಳು

ಈ ಸಹಾಯಕರಿಗೆ ಸಾಮಾನ್ಯವಾಗಿ ಭವಿಷ್ಯನಿಧಿ, ವೇತನಸಹಿತ ರಜೆ, ಹೆರಿಗೆ ಸೌಲಭ್ಯಗಳಿಲ್ಲ. ಜಾಲತಾಣಗಳಲ್ಲಿ ಹಲವು ದೇಶದವರು ಒಂದೇ ಕೆಲಸಕ್ಕೆ ಪೈಪೋಟಿ ನಡೆಸುವುದರಿಂದ ದರ ಕುಸಿಯುತ್ತದೆ ಎಂಬ ಆಕ್ಷೇಪವಿದೆ. ಪರದೆಯ ಚಿತ್ರವನ್ನು ಆಗಾಗ ಸೆರೆಹಿಡಿಯುವ ತಂತ್ರಾಂಶಗಳು ಗಂಟೆಯ ಲೆಕ್ಕಕ್ಕೆ ಸಾಕ್ಷಿಯಾದರೂ ಖಾಸಗಿತನಕ್ಕೆ ಧಕ್ಕೆ ತರುತ್ತವೆ. ಅವುಗಳ ಬಳಕೆಯನ್ನು ಒಪ್ಪಂದದಲ್ಲಿಯೇ ತಿಳಿಸಿ ಸಮ್ಮತಿ ಪಡೆಯುವುದು ಯುಕ್ತ. ಉದ್ದಿಮೆಯ ದೃಷ್ಟಿಯಿಂದ, ದೈನಂದಿನ ವ್ಯವಹಾರದ ತಿಳಿವಳಿಕೆಯೆಲ್ಲ ಒಬ್ಬ ಸಹಾಯಕರಲ್ಲೇ ಉಳಿದು, ಅವರು ಬಿಟ್ಟುಹೋದಾಗ ಕೆಲಸ ನಿಂತುಹೋಗುವ ಅಪಾಯವಿದೆ. ಕಾಲಕಾಲಕ್ಕೆ ತಿದ್ದಿದ ಕೈಪಿಡಿಯಿದ್ದರೆ ಹೊಸಬರು ಬೇಗನೆ ಕೆಲಸ ವಹಿಸಿಕೊಳ್ಳಬಲ್ಲರು. ಹಿಂದಿನ ಸಹಾಯಕರೂ ಮುಗಿದುಹೋದ ಕೆಲಸದ ಬಗ್ಗೆ ಉತ್ತರಿಸುತ್ತ ಕೂರುವ ಪ್ರಮೇಯ ಬರುವುದಿಲ್ಲ.