ಕೈಗೆ ಕಟ್ಟಿದ ಬೆಲೆ

ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡ ಕಾರ್ಮಿಕನು ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಬಹುಮಟ್ಟಿಗೆ ಬರಿಗೈಯಲ್ಲೇ ಮನೆಗೆ ಮರಳಬೇಕಿತ್ತು. ಪರಿಹಾರ ಬೇಕೆಂದರೆ ತಪ್ಪು ಮಾಲೀಕನದೆಂದು ಆತನೇ ನ್ಯಾಯಾಲಯದಲ್ಲಿ ರುಜುವಾತುಪಡಿಸಬೇಕಿತ್ತು. ದಿನಗೂಲಿಯವನಿಗೆ ಅದು ಎಟುಕದ ಮಾತು. ಈ ಹೊರೆಯನ್ನು ಇಳಿಸಿದ್ದು 1924ರ ಜುಲೈ 1ರಂದು ಜಾರಿಗೆ ಬಂದ 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ. ಅದು ಅನ್ವಯಿಸುವ ಉದ್ಯೋಗಗಳಲ್ಲಿ, ಕೆಲಸದ ವೇಳೆ ಕೆಲಸದಿಂದಲೇ ಗಾಯವಾಗಿದ್ದರೆ ಮಾಲೀಕನ ತಪ್ಪನ್ನು ತೋರಿಸಬೇಕಾದ ಅಗತ್ಯ ಉಳಿಯಲಿಲ್ಲ.

ಆದರೆ ಕಾಯ್ದೆಗೆ ಒಂದು ಅಳತೆಗೋಲು ಬೇಕಿತ್ತು. ಮುಂದೆ ಪರಿಷ್ಕೃತಗೊಂಡ ಅದರ ಪಟ್ಟಿಯಂತೆ, ಹೆಬ್ಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡ 30ರಷ್ಟು ನಷ್ಟ. ತೋರುಬೆರಳಿಗೆ 14, ನಡುಬೆರಳಿಗೆ 12, ಕಿರುಬೆರಳಿಗೆ 7. ಲೆಕ್ಕಕ್ಕೆ ಇದು ಸುಲಭ. ಆದರೆ ಆ ಕೈ ಯಾವ ಕಸುಬಿನವನದು?

ಈ ಪ್ರಶ್ನೆ ಒಡಿಶಾದ ಬಡಗಿಯೊಬ್ಬನ ಮೊಕದ್ದಮೆಯಲ್ಲಿ ಎದುರಾಯಿತು. ಕೆಲಸದ ವೇಳೆ ಬಿದ್ದ ಆತನ ಎಡಗೈಯನ್ನು ಮೊಣಕೈಗಿಂತ ಮೇಲೆ ಕತ್ತರಿಸಬೇಕಾಯಿತು. ಇದು ಭಾಗಶಃ ಅಂಗವೈಕಲ್ಯವಷ್ಟೇ ಎಂದು ಮಾಲೀಕರು ವಾದಿಸಿದರು. ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಅದನ್ನು ಒಪ್ಪಲಿಲ್ಲ. ಒಂದೇ ಕೈಯಿಂದ ಬಡಗಿತನ ಸಾಗದು, ಆದ್ದರಿಂದ ನಷ್ಟ ಸಂಪೂರ್ಣವೆಂದಿತು. ಪರಿಹಾರವು ಅಪಘಾತದ ದಿನದಿಂದಲೇ ಸಲ್ಲತಕ್ಕದ್ದೆಂದೂ ಹೇಳಿತು.

2025ರ ನವೆಂಬರ್ 21ರಿಂದ ಹಳೆಯ ಕಾಯ್ದೆಯ ಸ್ಥಾನದಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಶೇಕಡವಾರು ಪಟ್ಟಿ ಅದರಲ್ಲಿಯೂ ಇದೆ. ಆದುದರಿಂದ ಗಾಯಗೊಂಡವನ ಪರವಾಗಿ ಅರ್ಜಿ ಬರೆಯುವವರು, ಯಾವ ಬೆರಳು ಹೋಯಿತೆಂಬುದರ ಜೊತೆಗೆ ಆ ಕೈ ಏನು ಮಾಡುತ್ತಿತ್ತು, ಅದರಿಂದ ಎಷ್ಟು ಮಂದಿ ಉಣ್ಣುತ್ತಿದ್ದರು ಎಂಬುದನ್ನೂ ಬರೆಯಲಿ.