ಅಂತರಜಾಲದ ದೇಣಿಗೆ: ಗುಂಡಿ ಒತ್ತಿದ ನಂತರ ಹಣ ಸಾಗುವ ದಾರಿ

2016ರ ಮೇ 3. ಅಮೆರಿಕದ ಐವತ್ತಕ್ಕೂ ಹೆಚ್ಚು ಊರು-ಪ್ರಾಂತ್ಯಗಳ ಸೇವಾ ಸಂಸ್ಥೆಗಳು ತಿಂಗಳುಗಟ್ಟಲೆ ಕಾದಿದ್ದ ದಿನ. 'ಗಿವ್ ಲೋಕಲ್ ಅಮೆರಿಕ' ಎಂಬ ಒಂದು ದಿನದ ಅಭಿಯಾನದಲ್ಲಿ ಜನರು ತಮ್ಮ ಊರಿನ ಸಂಸ್ಥೆಗಳಿಗೆ ಅಂತರಜಾಲದ ಮೂಲಕ ದೇಣಿಗೆ ನೀಡಬೇಕಿತ್ತು. ಕೊಡುವ ಮನಸ್ಸಿತ್ತು, ಪ್ರಚಾರವೂ ಭರ್ಜರಿಯಾಗಿ ನಡೆದಿತ್ತು. ಆದರೆ ಅಷ್ಟೂ ಊರುಗಳ ದೇಣಿಗೆಯನ್ನು ಸ್ವೀಕರಿಸಬೇಕಾಗಿದ್ದ ಕಿಂಬಿಯಾ ಕಂಪನಿಯ ವ್ಯವಸ್ಥೆ ಅಂದೇ ಕೈಕೊಟ್ಟಿತು. ಪುಟಗಳು ತೆರೆಯಲಿಲ್ಲ, ತೆರೆದವು ಮುಂದೆ ಸಾಗಲಿಲ್ಲ. ಕೆಲವು ಊರುಗಳು ಗಡುವನ್ನು ಮರುದಿನಕ್ಕೆ ವಿಸ್ತರಿಸಿದವು.

ಇದು ಮೊದಲ ಪ್ರಕರಣವೇನಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 2009ರಲ್ಲಿ ಆರಂಭವಾದ 'ಗಿವ್ ಟು ದ ಮ್ಯಾಕ್ಸ್ ಡೇ' ಮೊದಲ ವರ್ಷವೇ ಒಂದೇ ದಿನದಲ್ಲಿ ಸುಮಾರು 1.4 ಕೋಟಿ ಡಾಲರ್ ಸಂಗ್ರಹಿಸಿ ಹೆಸರು ಮಾಡಿತ್ತು. 2013ರ ನವೆಂಬರ್‌ನಲ್ಲಿ ಅದೇ ಅಭಿಯಾನದ ಜಾಲತಾಣ ದಿನದ ಮಧ್ಯೆ ಹಲವು ಗಂಟೆಗಳ ಕಾಲ ಸ್ಥಗಿತಗೊಂಡಿತು.

ಈ ಘಟನೆಗಳು ಹೇಳುವ ಪಾಠ ಒಂದೇ. ಅಂಗಡಿಯ ಜಾಲತಾಣ ಕೆಟ್ಟರೆ ಗ್ರಾಹಕ ನಾಳೆ ಮತ್ತೆ ಬಂದಾನು, ಏಕೆಂದರೆ ವಸ್ತು ಅವನಿಗೆ ಬೇಕು. ದಾನಿಗೆ ಅಂಥ ಅಗತ್ಯವಿಲ್ಲ. ಮನ ಕರಗಿದ ಗಳಿಗೆಯಲ್ಲಿ ದಾರಿ ತೆರೆದಿರದಿದ್ದರೆ ಆ ಗಳಿಗೆ ಮರಳಿ ಬರುವುದು ಅಪರೂಪ.

ಹಣ ಸಾಗುವ ದಾರಿ

ಭಾರತದಲ್ಲಿ ಅಂತರಜಾಲದ ದೇಣಿಗೆಗೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. ಗಿವ್ ಇಂಡಿಯಾ 2000ದಲ್ಲಿ ಆರಂಭವಾಯಿತು. ಬೆಂಗಳೂರಿನ ಮಿಲಾಪ್ 2010ರಲ್ಲಿ ಸಣ್ಣ ಸಾಲಗಳ ವೇದಿಕೆಯಾಗಿ ಹುಟ್ಟಿ, ಬಳಿಕ ಚಿಕಿತ್ಸಾ ವೆಚ್ಚಕ್ಕೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವ ತಾಣವಾಗಿ ಬೆಳೆಯಿತು. 2016ರಲ್ಲಿ ಯುಪಿಐ ಬಂದ ಮೇಲಂತೂ ಹತ್ತು ರೂಪಾಯಿಯ ಕೊಡುಗೆಯೂ ಸಾಧ್ಯವಾಯಿತು. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕವನ್ನು ಶೂನ್ಯಗೊಳಿಸಿದ್ದು ಸಣ್ಣ ದೇಣಿಗೆಗಳಿಗೆ ವರವಾಯಿತು.

ದಾನಿ ಗುಂಡಿ ಒತ್ತಿದ ಕೂಡಲೇ ಹಣ ಸಂಸ್ಥೆಯ ಖಾತೆಗೆ ಬೀಳುತ್ತದೆ ಎಂಬುದು ಸಾಮಾನ್ಯ ಭಾವನೆ. ಗೇಟ್‌ವೇ ಮೂಲಕ ನಡೆಯುವ ಪಾವತಿಯಲ್ಲಿ ವಾಸ್ತವ ಬೇರೆ. ದೇಣಿಗೆ ಪುಟದಿಂದ ಕೋರಿಕೆ ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ಕಾರ್ಡ್ ಅಥವಾ ಯುಪಿಐ ಜಾಲಕ್ಕೆ, ಅಲ್ಲಿಂದ ದಾನಿಯ ಬ್ಯಾಂಕಿಗೆ ಹೋಗುತ್ತದೆ. ಒಪ್ಪಿಗೆಯ ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಹಣ ಸಂಸ್ಥೆಯ ಖಾತೆಗೆ ಸೇರಲು ಸಾಮಾನ್ಯವಾಗಿ ಒಂದೆರಡು ಕೆಲಸದ ದಿನಗಳು ಬೇಕು. ಈ ನಡುವೆ ಹಣವನ್ನು ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿಡಬೇಕೆಂದು ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನ ಮಾರ್ಗಸೂಚಿಯಲ್ಲಿ ಪಾವತಿ ಮಧ್ಯವರ್ತಿ ಕಂಪನಿಗಳಿಗೆ ವಿಧಿಸಿದೆ.

ಈ ಸರಪಳಿಯ ಯಾವುದೇ ಕೊಂಡಿ ಸಡಿಲವಾದರೂ ದೇಣಿಗೆ ನಡುದಾರಿಯಲ್ಲಿ ನಿಲ್ಲುತ್ತದೆ. 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಸೇವೆಯಲ್ಲೇ ವ್ಯತ್ಯಯವಾಗಿತ್ತು. ಅಂಥ ಹೊತ್ತಿನಲ್ಲಿ ಕೇವಲ ಒಂದು ಕ್ಯೂಆರ್ ಕೋಡ್ ನೆಚ್ಚಿಕೊಂಡ ಸಂಸ್ಥೆಗೆ ಬೇರೆ ದಾರಿಯಿರುವುದಿಲ್ಲ. ಕಾರ್ಡ್, ನೆಟ್ ಬ್ಯಾಂಕಿಂಗ್ ಹಾಗೂ ಎನ್‌ಇಎಫ್‌ಟಿಗೆ ಖಾತೆ ವಿವರ ನೀಡಿರುವುದು, ಸಾಧ್ಯವಾದರೆ ಎರಡು ಗೇಟ್‌ವೇಗಳ ಜತೆ ಒಪ್ಪಂದ ಹೊಂದಿರುವುದು ಸೂಕ್ತ.

ಒಂದೇ ಹಣ, ಎರಡು ಬಾರಿ

ದಾನಿಗಳಿಂದ ಬರುವ ಸಾಮಾನ್ಯ ದೂರು ಇನ್ನೊಂದು ಬಗೆಯದು: 'ಖಾತೆಯಿಂದ ಹಣ ಹೋಯಿತು, ರಸೀದಿ ಬರಲಿಲ್ಲ.' ಪಾವತಿಯ ನಡುವೆ ಮೊಬೈಲ್ ಸಂಪರ್ಕ ಕಡಿದರೆ ಹೀಗಾಗುತ್ತದೆ. ದಾನಿ ಗಾಬರಿಯಿಂದ ಮತ್ತೊಮ್ಮೆ ಗುಂಡಿ ಒತ್ತಿದರೆ ಎರಡು ಬಾರಿ ಹಣ ಕಡಿತವಾಗುವ ಸಂಭವವೂ ಉಂಟು.

ಇದಕ್ಕೆ ತಂತ್ರಜ್ಞರು ಎರಡು ಪರಿಹಾರ ಸೂಚಿಸುತ್ತಾರೆ. ಮೊದಲನೆಯದು, ಪ್ರತಿ ಕೊಡುಗೆಗೂ ಪಾವತಿಗೆ ಮುನ್ನವೇ ವಿಶಿಷ್ಟ ಸಂಖ್ಯೆಯೊಂದನ್ನು ನೀಡುವುದು. ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ ವ್ಯವಸ್ಥೆ ಅದನ್ನು ಹೊಸ ಕೊಡುಗೆಯೆಂದು ಪರಿಗಣಿಸುವುದಿಲ್ಲ. ಎರಡನೆಯದು, ಪಾವತಿಯಾಯಿತೆಂಬ ಸುದ್ದಿಗೆ ದಾನಿಯ ಪರದೆಯನ್ನು ಅವಲಂಬಿಸದೆ, ಗೇಟ್‌ವೇ ಸರ್ವರಿನಿಂದ ಸಂಸ್ಥೆಯ ಸರ್ವರಿಗೆ ನೇರ ಸಂದೇಶ ಬರುವಂತೆ ಏರ್ಪಡಿಸುವುದು. ಆಗ ದಾನಿಯ ಮೊಬೈಲ್ ಸ್ತಬ್ಧಗೊಂಡರೂ ಲೆಕ್ಕ ತಪ್ಪುವುದಿಲ್ಲ.

ಹಣ ನಡುವೆ ಸಿಲುಕಿದರೆ ದಾನಿಗೆ ರಕ್ಷಣೆಯೂ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐ ಮೂಲಕ ವ್ಯಾಪಾರಿ ಖಾತೆಗೆ ಪಾವತಿಸುವಾಗ ಹಣ ಕಡಿತವಾಗಿಯೂ ಸ್ವೀಕರಿಸುವವರಿಗೆ ಖಚಿತವಾಗದಿದ್ದರೆ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕು.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದು ದಾನದ ಹಳೆಯ ನೀತಿ. ಅಂತರಜಾಲದ ದಾನದಲ್ಲಿ ಮಾತ್ರ ಬ್ಯಾಂಕು, ಗೇಟ್‌ವೇ, ಸಂಸ್ಥೆ ಈ ಮೂವರಿಗೂ ತಿಳಿಯಲೇಬೇಕು. ಮೂರೂ ಕಡೆಯ ಲೆಕ್ಕವನ್ನು ಪ್ರತಿದಿನ ತಾಳೆ ನೋಡುವುದೇ ಈ ವ್ಯವಸ್ಥೆಯ ಬೆನ್ನೆಲುಬು.

ನಿಯಮ ಬದಲಾದಾಗ

ಪ್ರತಿ ತಿಂಗಳು ನಿಗದಿತ ಮೊತ್ತ ನೀಡುವ ದಾನಿಗಳೇ ಅನೇಕ ಸಂಸ್ಥೆಗಳ ಆಧಾರ. ಅವರ ಹಣದಿಂದಲೇ ಶಿಕ್ಷಕರ ಸಂಬಳ, ಮಕ್ಕಳ ಊಟದ ಖರ್ಚು ನಡೆಯುತ್ತದೆ. 2021ರ ಅಕ್ಟೋಬರ್ 1ರಿಂದ ಕಾರ್ಡಿನ ಸ್ವಯಂ ಪಾವತಿಗೆ ಹೊಸ ನಿಯಮ ಜಾರಿಯಾಯಿತು. ಹಣ ಕಡಿತಕ್ಕೆ 24 ಗಂಟೆ ಮುನ್ನ ಗ್ರಾಹಕರಿಗೆ ತಿಳಿಸುವುದು, 5,000 ರೂಪಾಯಿ ಮೀರಿದರೆ ಪ್ರತಿ ಬಾರಿ ಒಟಿಪಿ ಪಡೆಯುವುದು ಕಡ್ಡಾಯವಾಯಿತು. ಈ ನಿಯಮಕ್ಕೆ ಹೊಂದದ ಹಳೆಯ ಸೂಚನೆಗಳು ನಿಂತುಹೋದವು. ದಾನಿ ಬೇಡವೆನ್ನದಿದ್ದರೂ ದಾನ ನಿಂತಿತು. ಒಟಿಪಿ ಇಲ್ಲದ ಪಾವತಿಯ ಮಿತಿಯನ್ನು 2022ರ ಜೂನ್‌ನಲ್ಲಿ 15,000 ರೂಪಾಯಿಗೆ ಏರಿಸಲಾಯಿತು.

ಗ್ರಾಹಕರ ಹಿತಕ್ಕಾಗಿ ಬಂದ ನಿಯಮದಲ್ಲಿ ತಪ್ಪಿಲ್ಲ. ಆದರೆ ನಿಂತುಹೋದ ಪಾವತಿಗಳನ್ನು ಗುರುತಿಸಿ ದಾನಿಗೆ ಕೂಡಲೇ ತಿಳಿಸುವ ಏರ್ಪಾಡು ಇಲ್ಲದಿದ್ದರೆ ಸಂಸ್ಥೆಗೆ ಅದು ಅರಿವಾಗುವುದು ತಿಂಗಳ ಕೊನೆಯಲ್ಲಿ, ಖಾತೆ ಬರಿದಾದಾಗ.

ರಸೀದಿಯೂ ತಂತ್ರಜ್ಞಾನವೇ

2021-22ನೇ ಹಣಕಾಸು ವರ್ಷದ ದೇಣಿಗೆಗಳಿಂದ ಮೊದಲ್ಗೊಂಡು, 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ವಿನಾಯಿತಿಗೆ ಸಂಸ್ಥೆಯ ರಸೀದಿಯಷ್ಟೇ ಸಾಲದಾಯಿತು. ಸಂಸ್ಥೆಯು ಪ್ರತಿ ದಾನಿಯ ವಿವರವನ್ನು 10ಬಿಡಿ ನಮೂನೆಯಲ್ಲಿ ಇಲಾಖೆಗೆ ಸಲ್ಲಿಸಿ, 10ಬಿಇ ಪ್ರಮಾಣಪತ್ರ ನೀಡುವ ಪದ್ಧತಿ ಬಂತು. ಪ್ಯಾನ್ ಸಂಖ್ಯೆಯ ಒಂದಕ್ಷರ ತಪ್ಪಿದರೂ ದಾನಿಗೆ ತೊಂದರೆ. ಆದ್ದರಿಂದ ಪ್ಯಾನ್ ಸರಿಯಿದೆಯೇ ಎಂದು ಪಾವತಿಯ ಹೊತ್ತಿನಲ್ಲೇ ಪರಿಶೀಲಿಸುವ ಪುಟ ವರ್ಷಾಂತ್ಯದ ಪರದಾಟವನ್ನು ತಪ್ಪಿಸುತ್ತದೆ. 2025ರಲ್ಲಿ ಅಂಗೀಕಾರವಾದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿರುವುದನ್ನೂ ಸಂಸ್ಥೆಗಳು ಗಮನಿಸಬೇಕು.

ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ತವರಿನ ಶಾಲೆ, ಆಸ್ಪತ್ರೆಗಳಿಗೆ ನೆರವಾಗುವುದು ರೂಢಿ. ಇಲ್ಲಿ ಮುಖ್ಯವಾಗುವುದು ಅವರಿರುವ ದೇಶವಲ್ಲ, ಪೌರತ್ವ. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆಯಾಗದು. ಅಮೆರಿಕದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ಬಳಿಕ ಅಂಥ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ನಿಗದಿತ ಖಾತೆಗೇ ಬರಬೇಕು. ಪೌರತ್ವವನ್ನು ಕೇಳದೆ ಎಲ್ಲರ ಹಣವನ್ನೂ ಒಂದೇ ಖಾತೆಗೆ ಹಾಕುವ ಪುಟ ಸಂಸ್ಥೆಯನ್ನು ಕಾನೂನಿನ ತೊಡಕಿಗೆ ದೂಡಬಹುದು.

ಕಳ್ಳರ ಕಣ್ಣು

2020ರ ಮಾರ್ಚ್ ಅಂತ್ಯದಲ್ಲಿ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಬೆನ್ನಲ್ಲೇ ಅದರ ಯುಪಿಐ ವಿಳಾಸವನ್ನು ಹೋಲುವ, ಒಂದಕ್ಷರವಷ್ಟೇ ಕಡಿಮೆಯಿದ್ದ ನಕಲಿ ವಿಳಾಸ ಪತ್ತೆಯಾಗಿತ್ತು. ಕದ್ದ ಕಾರ್ಡುಗಳು ಚಾಲ್ತಿಯಲ್ಲಿವೆಯೇ ಎಂದು ಪರೀಕ್ಷಿಸಲು ವಂಚಕರು ದೇಣಿಗೆ ಪುಟಗಳನ್ನು ಬಳಸುವುದೂ ಉಂಟು. ಯಾವ ಸಣ್ಣ ಮೊತ್ತವನ್ನೂ ಅವು ಒಪ್ಪುತ್ತವೆ ಎಂಬುದೇ ಇದಕ್ಕೆ ಕಾರಣ. ಕನಿಷ್ಠ ಮೊತ್ತ ನಿಗದಿ, ಒಂದೇ ಮೂಲದಿಂದ ಮೇಲಿಂದ ಮೇಲೆ ಬರುವ ಯತ್ನಗಳಿಗೆ ತಡೆ ಇದಕ್ಕೆ ಸರಳ ಉಪಾಯಗಳು.

ದಾನಿಗಳ ಮಾಹಿತಿಯೂ ಹಣದಷ್ಟೇ ಬೆಲೆಬಾಳುತ್ತದೆ. ಸೇವಾ ಸಂಸ್ಥೆಗಳಿಗೆ ತಂತ್ರಾಂಶ ಒದಗಿಸುವ ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿಯ ಮೇಲೆ 2020ರಲ್ಲಿ ನಡೆದ ದಾಳಿಯಿಂದ 13,000ಕ್ಕೂ ಹೆಚ್ಚು ಗ್ರಾಹಕ ಸಂಸ್ಥೆಗಳ ಮಾಹಿತಿ ಅಪಾಯಕ್ಕೆ ಸಿಲುಕಿತು. ಕಂಪನಿ 2023ರಲ್ಲಿ ಅಲ್ಲಿನ ರಾಜ್ಯಗಳೊಂದಿಗೆ 4.95 ಕೋಟಿ ಡಾಲರ್ ಪಾವತಿಯ ರಾಜಿ ಮಾಡಿಕೊಳ್ಳಬೇಕಾಯಿತು. ಕಾರ್ಡ್ ಸಂಖ್ಯೆಯನ್ನು ಸಂಸ್ಥೆ ತನ್ನ ಗಣಕದಲ್ಲಿ ಇಟ್ಟುಕೊಳ್ಳದಿರುವುದೇ ಅತ್ಯುತ್ತಮ ರಕ್ಷಣೆ.

ಸಂಸ್ಥೆಗಳು ಗಮನಿಸಬೇಕಾದುದು

* ಅಭಿಯಾನಕ್ಕೆ ಮುನ್ನ, ನಿರೀಕ್ಷಿತ ದಟ್ಟಣೆಯ ಹಲವು ಪಟ್ಟು ಭಾರ ಹೊರಿಸಿ ವ್ಯವಸ್ಥೆಯನ್ನು ಪರೀಕ್ಷಿಸಬೇಕು.
* ಮುಖ್ಯ ಪುಟ ಕೆಟ್ಟರೆ ತೆರೆಯಲು ಚಿತ್ರ, ಅಲಂಕಾರಗಳಿಲ್ಲದ ಸರಳ ಪುಟವೊಂದು ಸಿದ್ಧವಿರಬೇಕು.
* ರಸೀದಿ ತಕ್ಷಣ ಮಿಂಚಂಚೆಗೆ ತಲುಪಬೇಕು. ವಿಚಾರಣೆಗೆ ಮನುಷ್ಯರೇ ಉತ್ತರಿಸುವ ದೂರವಾಣಿ ಸಂಖ್ಯೆ ಇರಬೇಕು.
* ತೊಂದರೆಯಾದರೆ ಮುಚ್ಚಿಡದೆ, ಗಡುವಿನ ವಿಸ್ತರಣೆ ಸಹಿತ ದಾನಿಗಳಿಗೆ ತಿಳಿಸಬೇಕು.

ದಾನಿಗಳು ಗಮನಿಸಬೇಕಾದುದು

* ಯುಪಿಐ ವಿಳಾಸವನ್ನು ಫಾರ್ವರ್ಡ್ ಆದ ಸಂದೇಶದಿಂದ ಪಡೆಯದೆ ಸಂಸ್ಥೆಯ ಅಧಿಕೃತ ತಾಣದಿಂದಲೇ ಪಡೆಯಿರಿ. ಪಾವತಿಗೆ ಮುನ್ನ ಪರದೆಯಲ್ಲಿ ಕಾಣುವ ಖಾತೆಯ ಹೆಸರನ್ನು ಓದಿ.
* ಹಣ ಕಡಿತವಾಗಿ ರಸೀದಿ ಬಾರದಿದ್ದರೆ ಮತ್ತೆ ಪಾವತಿಸಬೇಡಿ. ವಹಿವಾಟಿನ ಸಂಖ್ಯೆ ಬರೆದಿಟ್ಟುಕೊಂಡು ಸಂಸ್ಥೆಯನ್ನು ವಿಚಾರಿಸಿ.

ಹಿಂದೆ ಚಂದಾ ಎತ್ತಲು ಬಂದವರ ಕೈಯಲ್ಲಿ ರಸೀದಿ ಪುಸ್ತಕವಿದೆಯೇ ಎಂದು ಹಿರಿಯರು ನೋಡುತ್ತಿದ್ದರು. ಇಂದು ಆ ಪುಸ್ತಕ ಸರ್ವರಿನೊಳಗಿದೆ. ಅದು ಸರಿಯಾಗಿದೆಯೇ ಎಂದು ದಾನಿ ತಾನೇ ನೋಡಲಾರ. ಆತನ ಪರವಾಗಿ ನೋಡಿಕೊಳ್ಳುವ ಹೊಣೆ ಹಣ ಕೇಳಿದವರದೇ.